ವರ್ಷಗಟ್ಟಲೆ ನಿಂತ ಪಿಕಪ್ ಎಂಜಿನ್ ಎಬ್ಬಿಸುವುದು: ಕೀ ತಿರುಗಿಸುವುದು ಕೊನೆಯ ಕೆಲಸ

ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಪಿಕಪ್ ಕೈಗೆ ಸಿಕ್ಕರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಹೊಸ ಬ್ಯಾಟರಿ ಕಟ್ಟಿ, ಕಾರ್ಬುರೇಟರ್ ಬಾಯಿಗೆ ಒಂದಿಷ್ಟು ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವುದು. ಎಷ್ಟೋ ಸಲ ಎಂಜಿನ್ ಸ್ಟಾರ್ಟ್ ಕೂಡ ಆಗುತ್ತದೆ. ಆಮೇಲೆ ಕೆಲವೇ ದಿನಗಳಲ್ಲಿ ಪುಶ್‌ರಾಡ್ (ವಾಲ್ವ್ ತೆರೆಯಲು ತಳ್ಳುವ ಕಡ್ಡಿ) ಬಾಗುತ್ತದೆ, ಬೇರಿಂಗ್ ಬಡಿಯತೊಡಗುತ್ತದೆ, ‘ಹಳೇ ಎಂಜಿನ್, ಇನ್ನೇನು ಮಾಡೋದು’ ಎಂಬ ಮಾತು ಬರುತ್ತದೆ. ಎಂಜಿನ್ ನಿಂತಿದ್ದಾಗ ಆದ ಹಾನಿಗಿಂತ ಅದನ್ನು ಎಬ್ಬಿಸಿದ ಮೊದಲ ನಿಮಿಷಗಳಲ್ಲಿ ಆದ ಹಾನಿಯೇ ಇಂಥ ಕಡೆ ದೊಡ್ಡದು.

ಕೆಲಸದ ಕ್ರಮ ಹೀಗಿರಲಿ. ಎಂಜಿನ್ ಕೈಯಿಂದ ತಿರುಗುತ್ತದೆಯೇ? ಎಲ್ಲ ವಾಲ್ವ್‌ಗಳೂ ಏರಿ ಇಳಿಯುತ್ತವೆಯೇ? ಆಯಿಲ್ ಮೇಲಕ್ಕೆ ಬರುತ್ತದೆಯೇ? ನೀರು ಸೋರದೆ ನಿಲ್ಲುತ್ತದೆಯೇ? ಇಂಧನ ಹೊಸದೇ? ಕಿಡಿ ಇದೆಯೇ? ಇಷ್ಟಕ್ಕೂ ಹೌದು ಎಂದಾದ ಮೇಲೆ ಕೀ. ಇಲ್ಲಿನ ವಿವರ ಮುಖ್ಯವಾಗಿ ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಇರುವ ಪೆಟ್ರೋಲ್ ಎಂಜಿನ್‌ಗಳದ್ದು. ಇಂಜೆಕ್ಷನ್ ಮತ್ತು ಡೀಸೆಲ್‌ನಲ್ಲಿ ಕ್ರಮ ಬದಲಾಗುವ ಕಡೆ ಬೇರೆಯಾಗಿ ಹೇಳಿದೆ.

## ಮೊದಲು ಬೇಕಾದ ಸಾಮಾನು

ಸಾಮಾನ್ಯ ಸಾಕೆಟ್ ಸೆಟ್ ಜೊತೆಗೆ ಅರ್ಧ ಇಂಚಿನ ಉದ್ದ ಹಿಡಿಯ ಬ್ರೇಕರ್ ಬಾರ್, ಸ್ಪಾರ್ಕ್ ಪ್ಲಗ್ ಸಾಕೆಟ್, ಟಾರ್ಕ್ ರೆಂಚ್, ಮಲ್ಟಿಮೀಟರ್, ಫೀಲರ್ ಗೇಜ್, ಕಂಪ್ರೆಷನ್ ಗೇಜ್ ಬೇಕು. ನೇರವಾಗಿ ಬ್ಲಾಕಿಗೆ ಕೂರಿಸುವ ಮೆಕ್ಯಾನಿಕಲ್ ಆಯಿಲ್ ಪ್ರೆಷರ್ ಗೇಜ್ ಒಂದನ್ನು ತಪ್ಪದೆ ತನ್ನಿ. ಹಳೆ ಡ್ಯಾಶ್‌ಬೋರ್ಡಿನ ಆಯಿಲ್ ದೀಪವನ್ನು ನಂಬಿ ಈ ಕೆಲಸ ಮಾಡಬಾರದು. ಒತ್ತಡ ತೀರಾ ಕುಸಿದಾಗಷ್ಟೇ ಅದು ಹೊತ್ತುತ್ತದೆ, ಬಲ್ಬ್ ಸುಟ್ಟಿದ್ದರೆ ಅದೂ ಇಲ್ಲ.

ಪೆನೆಟ್ರೇಟಿಂಗ್ ಆಯಿಲ್ (ತುಕ್ಕಿನ ಸಂದಿಗೆ ಇಳಿದು ಸಡಿಲಿಸುವ ತೆಳು ಎಣ್ಣೆ), ಕಾರ್ಬ್ ಕ್ಲೀನರ್, ಎರಡು ಸಲಕ್ಕಾಗುವಷ್ಟು ಎಂಜಿನ್ ಆಯಿಲ್ ಮತ್ತು ಎರಡು ಫಿಲ್ಟರ್, ಹೊಸ ಫ್ಯುಯೆಲ್ ಹೋಸ್ ಮತ್ತು ಕ್ಲಿಪ್‌ಗಳು, ಎರಡು ಮೂರು ಫ್ಯುಯೆಲ್ ಫಿಲ್ಟರ್ ಜೊತೆಗಿರಲಿ. ಪೆಟ್ರೋಲ್ ಬೆಂಕಿಗೆ ಆಗುವ ಡ್ರೈ ಪೌಡರ್ ಅಗ್ನಿಶಾಮಕ ಕೈಗೆಟುಕುವಂತಿರಬೇಕು, ಬಾನೆಟ್ ಕೆಳಗಲ್ಲ. ಬೆಂಕಿ ಹತ್ತುವುದು ಅಲ್ಲಿಯೇ.

## ಹಂತ 1: ಗಾಡಿಯನ್ನು ಭದ್ರಪಡಿಸಿ, ಇಲಿ ಗೂಡು ಹುಡುಕಿ

ಗೇರ್ ನ್ಯೂಟ್ರಲ್‌ನಲ್ಲಿರಲಿ, ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಕೆಳಗೆ ಇಳಿಯಬೇಕಿದ್ದರೆ ಜಾಕ್ ಮೇಲೆ ಬಿಡದೆ ಸ್ಟ್ಯಾಂಡ್ ಕೊಡಿ. ಹಳೆ ಬ್ಯಾಟರಿ ತೆಗೆದು ಹೊರಗಿಡಿ. ಹೊಸದನ್ನು ಈಗಲೇ ಕಟ್ಟಬೇಡಿ, ಕಟ್ಟಿದರೆ ಕೈ ತಾನಾಗಿ ಕೀ ಕಡೆ ಹೋಗುತ್ತದೆ.

ಏರ್ ಕ್ಲೀನರ್ ಡಬ್ಬಿ, ಸೈಲೆನ್ಸರ್ ಬಾಯಿ, ಹೀಟರ್ ಬ್ಲೋವರ್, ಕ್ಲಚ್ ಹೌಸಿಂಗ್ ಇವು ಇಲಿಗಳಿಗೆ ಅಚ್ಚುಮೆಚ್ಚು. ಕಾರ್ಬುರೇಟರ್ ಮೇಲಿನ ಡಬ್ಬಿಯನ್ನು ಎತ್ತುವಾಗ ಕಸ ಒಳಗೆ ಬೀಳದಂತೆ ನಿಧಾನವಾಗಿ ಎತ್ತಿ, ಬಾಯಿಗೆ ಕೂಡಲೇ ಬಟ್ಟೆ ಮುಚ್ಚಿ. ಹಿಕ್ಕೆ, ಗೂಡುಗಳನ್ನು ಒಣಗಿದ್ದಾಗ ಗುಡಿಸಬೇಡಿ, ಗಾಳಿ ಹೊಡೆಯಲೂ ಬೇಡಿ, ಆ ಧೂಳು ಶ್ವಾಸಕೋಶಕ್ಕೆ ಅಪಾಯ. ಸೋಂಕುನಾಶಕ ಚಿಮುಕಿಸಿ ಒದ್ದೆ ಮಾಡಿ, ಮಾಸ್ಕ್ ಮತ್ತು ಕೈಗವಸು ಹಾಕಿ ಎತ್ತಿ. ವೈರ್‌ಗಳನ್ನು ಬೆರಳಿನಿಂದ ಸವರುತ್ತ ಹೋದರೆ ಕಚ್ಚಿದ ಜಾಗ ಸಿಗುತ್ತದೆ. ತಾಮ್ರ ಕಾಣುವ ಕಡೆಗಳನ್ನು ಬ್ಯಾಟರಿ ಕಟ್ಟುವ ಮೊದಲೇ ಸರಿಪಡಿಸಿ.

## ಹಂತ 2: ಹಳೆ ಆಯಿಲ್ ಓದಿ

ಡಿಪ್‌ಸ್ಟಿಕ್ ಎಳೆದು ನೋಡಿ, ಮೂಸಿ ನೋಡಿ. ಮಟ್ಟ ಗೆರೆಗಿಂತ ಮೇಲಿದ್ದರೆ ಆಯಿಲ್ ಜೊತೆ ಬೇರೇನೋ ಸೇರಿದೆ. ಪೆಟ್ರೋಲ್ ವಾಸನೆ ಬಂದರೆ ಮೆಕ್ಯಾನಿಕಲ್ ಫ್ಯುಯೆಲ್ ಪಂಪಿನ ಡಯಾಫ್ರಮ್ ಹರಿದಿರುವ ಅನುಮಾನ ಮೊದಲು ಬರಬೇಕು. ಹಾಲು ಬೆರೆತ ಕಾಫಿ ಬಣ್ಣವಿದ್ದರೆ ನೀರು ಸೇರಿದೆ.

ಡ್ರೈನ್ ಬೋಲ್ಟನ್ನು ಒಮ್ಮೆಲೇ ತೆಗೆಯದೆ, ಸಡಿಲಿಸಿ ಹನಿ ಹನಿ ಬರುವಂತೆ ಬಿಡಿ. ನೀರು ಆಯಿಲ್‌ಗಿಂತ ಭಾರ, ಸಂಪಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ತಳದಲ್ಲಿ ಕೂತಿರುತ್ತದೆ, ಹಾಗಾಗಿ ಮೊದಲು ಅದೇ ಬರುತ್ತದೆ. ಒಂದೆರಡು ಚಮಚವಾದರೆ ತೇವಾಂಶ ಹನಿಗಟ್ಟಿ ಇಳಿದದ್ದು. ಲೋಟಗಟ್ಟಲೆ ಬಂದರೆ, ಅದರಲ್ಲೂ ಕೂಲೆಂಟ್ ಬಣ್ಣವಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು ಅಥವಾ ಬ್ಲಾಕ್ ಬಿರುಕು ಬಿಟ್ಟಿರಬಹುದು. ಹಂತ 6ರ ಒತ್ತಡ ಪರೀಕ್ಷೆಯನ್ನು ಆಗ ಈಗಲೇ ಮಾಡಿ, ಅದು ಪಾಸಾಗದೆ ಮುಂದೆ ಹೋಗಬೇಡಿ.

ತಟ್ಟೆಯಲ್ಲಿ ಪ್ಲಾಸ್ಟಿಕ್ ಚೂರು ಕಂಡರೆ ಕಸವೆಂದು ಎಸೆಯಬೇಡಿ. ಹಳೆಯ ಕೆಲವು ವಿ8 ಎಂಜಿನ್‌ಗಳ ಕ್ಯಾಮ್ ಗೇರಿಗೆ ನೈಲಾನ್ ಹಲ್ಲಿನ ಹೊದಿಕೆ ಇರುತ್ತಿತ್ತು. ಅದು ವಯಸ್ಸಾಗಿ ಪುಡಿಯಾಗಿ ಉದುರಿ ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂರುತ್ತದೆ. ಆಗ ಸಂಪ್ ಬಿಚ್ಚಿ ತೊಳೆದು, ಟೈಮಿಂಗ್ ಚೈನ್ ಮತ್ತು ಗೇರ್ ಬದಲಿಸಲೇಬೇಕು.

ಹೊಸ ಫಿಲ್ಟರ್ ಹಾಕಿ, ಮ್ಯಾನ್ಯುಯಲ್ ಹೇಳಿದ ಗ್ರೇಡಿನ ಆಯಿಲ್ ತುಂಬಿ. ಫಿಲ್ಟರ್ ಬಾಯಿ ಮೇಲಕ್ಕಿರುವಂತೆ ಕೂರುವುದಾದರೆ ಮೊದಲೇ ಆಯಿಲ್ ತುಂಬಿ ಕೂರಿಸಿ. ದುಬಾರಿ ಆಯಿಲ್ ಈಗ ದಂಡ, ಹೇಗೂ ಬೇಗನೇ ಬಸಿದು ಹಾಕಬೇಕಾಗುತ್ತದೆ.

## ಹಂತ 3: ಕೈಯಿಂದ ತಿರುಗಿಸಿ

ಪ್ಲಗ್ ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆದ ಮೇಲೆ ಪ್ಲಗ್ ಬಿಚ್ಚಿ. ಇಲ್ಲದಿದ್ದರೆ ಆ ಮರಳೆಲ್ಲ ನೇರ ಸಿಲಿಂಡರಿಗೆ. ಅಲ್ಯೂಮಿನಿಯಂ ಹೆಡ್ ಆದರೆ ಬಲ ಹಾಕಬೇಡಿ. ಪೆನೆಟ್ರೇಟಿಂಗ್ ಆಯಿಲ್ ಹಾಕಿ, ಸ್ವಲ್ಪ ಬಿಚ್ಚಿ, ಸ್ವಲ್ಪ ಹಿಂದಕ್ಕೆ ಬಿಗಿದು, ಮತ್ತೆ ಬಿಚ್ಚಿ. ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಜೋಡಿಸಿಡಿ. ಒಂದು ಮಾತ್ರ ತುಕ್ಕು ಹಿಡಿದಿದ್ದರೆ, ನಿಂತಷ್ಟೂ ಕಾಲ ಆ ಸಿಲಿಂಡರಿನ ವಾಲ್ವ್ ತೆರೆದಿದ್ದು ತೇವ ಒಳಗೆ ಹೋಗಿದೆ ಎಂಬ ಸುಳಿವು. ಪ್ಲಗ್ ರಂಧ್ರದಲ್ಲಿ ಇಳಿಯುವ ಸಣ್ಣ ಕ್ಯಾಮೆರಾ ಇದ್ದರೆ ಅಲ್ಲೇ ಇಳಿಸಿ ನೋಡಿ.

ಪ್ರತಿ ಸಿಲಿಂಡರಿಗೂ 10ರಿಂದ 15 ಮಿಲಿ ತೆಳು ಆಯಿಲ್ ಬಿಟ್ಟು ಒಂದು ರಾತ್ರಿ ಕಾಯಿರಿ. ವಿ ಎಂಜಿನ್‌ನಲ್ಲಿ ಸಿಲಿಂಡರ್ ವಾಲಿರುವುದರಿಂದ ಆಯಿಲ್ ಒಂದೇ ಬದಿಗೆ ಸೇರುತ್ತದೆ. ತೆಳು ಪೈಪ್ ಇಳಿಸಿ ಮೇಲಿನ ಗೋಡೆಗೂ ಚಿಮ್ಮುವಂತೆ ಹಾಕಿ.

ಈಗ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸಾಕೆಟ್ ಕೂರಿಸಿ, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿಗೇ ನಿಧಾನವಾಗಿ ತಳ್ಳಿ. ಸರಾಗವಾಗಿ ಬಂದರೆ ಎರಡು ಪೂರ್ತಿ ಸುತ್ತು ತಿರುಗಿಸಿ. ಫೋರ್ ಸ್ಟ್ರೋಕ್ ಎಂಜಿನ್‌ನ ಒಂದು ಚಕ್ರ ಮುಗಿಯುವುದು ಎರಡು ಸುತ್ತಿಗೆ, ಒಂದೇ ಸುತ್ತಿಗೆ ಬಿಟ್ಟರೆ ಅರ್ಧ ಪರೀಕ್ಷೆಯಷ್ಟೇ ಆಗಿದೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ, ಬೆಲ್ಟ್ ನೋಡಲು ಎಷ್ಟೇ ಚೆನ್ನಾಗಿದ್ದರೂ ಸೆಲ್ಫ್ ಹೊಡೆಯುವ ಮುನ್ನ ಬದಲಿಸಿ. ಅದು ಹರಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿಯುತ್ತದೆ.

### ತಿರುಗದಿದ್ದರೆ

‘ಎಂಜಿನ್ ಜಾಮ್’ ಎಂದು ತೀರ್ಮಾನಿಸುವ ಮೊದಲು ಫ್ಯಾನ್ ಬೆಲ್ಟ್‌ಗಳನ್ನೆಲ್ಲ ಬಿಚ್ಚಿ ಮತ್ತೊಮ್ಮೆ ಪ್ರಯತ್ನಿಸಿ. ತುಕ್ಕು ಹಿಡಿದ ವಾಟರ್ ಪಂಪ್, ಆಲ್ಟರ್ನೇಟರ್ ಅಥವಾ ಎಸಿ ಕಂಪ್ರೆಸರ್ ಇಡೀ ಎಂಜಿನ್ನನ್ನು ಹಿಡಿದು ನಿಲ್ಲಿಸಬಲ್ಲದು. ಗೇರ್ ನಿಜವಾಗಿ ನ್ಯೂಟ್ರಲ್‌ನಲ್ಲಿದೆಯೇ ಎಂದೂ ನೋಡಿ.

ನಿಜವಾಗಿಯೂ ಸಿಲಿಂಡರ್ ಹಿಡಿದಿದ್ದರೆ ಮದ್ದು ಎರಡೇ: ಪೆನೆಟ್ರೇಟಿಂಗ್ ಆಯಿಲ್ ಮತ್ತು ತಾಳ್ಮೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಮತ್ತು ಅಸಿಟೋನ್ ಸಮ ಪ್ರಮಾಣದಲ್ಲಿ ಬೆರೆಸಿದ ದ್ರವವೂ ಚೆನ್ನಾಗಿ ಇಳಿಯುತ್ತದೆ. ಆದರೆ ಅಸಿಟೋನ್ ಆವಿ ಸಲೀಸಾಗಿ ಹೊತ್ತಿಕೊಳ್ಳುತ್ತದೆ, ಪೇಂಟನ್ನೂ ಕಿತ್ತುಹಾಕುತ್ತದೆ, ಆದ್ದರಿಂದ ಬಯಲಲ್ಲಿ, ಬೆಂಕಿಯಿಂದ ದೂರ. ಪ್ರತಿ ಸಿಲಿಂಡರಿಗೆ ಸುಮಾರು 50 ಮಿಲಿ ಹಾಕಿ. ಮರುದಿನ ಯಾವ ಸಿಲಿಂಡರಿನಲ್ಲಿ ಮಟ್ಟ ಇಳಿಯದೆ ನಿಂತಿದೆಯೋ ಅಲ್ಲಿ ರಿಂಗ್‌ಗಳು ಗೋಡೆಗೆ ಬಿಗಿಯಾಗಿ ಅಂಟಿರುವ ಸಾಧ್ಯತೆ ಹೆಚ್ಚು. ದಿನಕ್ಕೊಮ್ಮೆ ಬಾರ್ ಹಾಕಿ ಎರಡೂ ದಿಕ್ಕಿಗೆ ಹದವಾಗಿ ಒತ್ತಿ. ಬೋಲ್ಟ್ ಬಿಚ್ಚಿಕೊಳ್ಳುವ ದಿಕ್ಕಿಗೆ ಒತ್ತುವಾಗ ಅದು ಸಡಿಲವಾಗುತ್ತಿದೆಯೋ ಎಂದು ಕಣ್ಣಿಡಿ.

ಒಂದು ಮಿಲಿಮೀಟರ್ ಅಲುಗಿದರೂ ಗೆದ್ದ ಹಾಗೆಯೇ. ಆಗ ಉತ್ಸಾಹದಲ್ಲಿ ಪೂರ್ತಿ ಸುತ್ತು ಎಳೆಯುವುದು ಎಲ್ಲರೂ ಮಾಡುವ ತಪ್ಪು. ಪಿಸ್ಟನ್ ದಾರಿಯಲ್ಲಿ ತುಕ್ಕಿನ ಗೆರೆ ಇರುತ್ತದೆ, ರಿಂಗ್ ಅದರ ಮೇಲೆ ಬಲವಂತವಾಗಿ ಹೋದರೆ ಮುರಿಯುತ್ತದೆ. ಮುಂದೆ ಸ್ವಲ್ಪ, ಹಿಂದೆ ಸ್ವಲ್ಪ, ಮತ್ತೆ ಆಯಿಲ್. ಹೀಗೆ ಚಲನೆಯನ್ನು ಹಿಗ್ಗಿಸುತ್ತ ಹೋಗಿ.

ಮಾಡಬಾರದ್ದು: ಸೆಲ್ಫ್ ಹೊಡೆದು ಬಿಡಿಸುವುದು, ಗೇರಿಗೆ ಹಾಕಿ ಇನ್ನೊಂದು ಗಾಡಿಯಿಂದ ಎಳೆಸುವುದು, ಬಾರ್‌ಗೆ ಮಾರುದ್ದದ ಪೈಪ್ ಸಿಕ್ಕಿಸಿ ಜೋತುಬೀಳುವುದು. ಮೊದಲಿನದಕ್ಕೆ ಸೆಲ್ಫ್ ಮೋಟಾರ್ ಸುಡುತ್ತದೆ, ಎರಡನೆಯದಕ್ಕೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಮೂರನೆಯದಕ್ಕೆ ಪುಲ್ಲಿ ಬೋಲ್ಟ್ ಒಳಗೇ ತುಂಡಾಗುತ್ತದೆ. ವಾರಗಟ್ಟಲೆ ನೆನೆಸಿಯೂ ಅಲುಗದಿದ್ದರೆ ಹೆಡ್ ಬಿಚ್ಚುವುದೇ ಕಡಿಮೆ ಖರ್ಚಿನ ದಾರಿ.

ಡೀಸೆಲ್ ಎಂಜಿನ್‌ನಲ್ಲಿ ಗ್ಲೋ ಪ್ಲಗ್ (ಸ್ಟಾರ್ಟಿಗೆ ಸಿಲಿಂಡರ್ ಬಿಸಿಮಾಡುವ ಕಡ್ಡಿ) ಅಥವಾ ಇಂಜೆಕ್ಟರ್ ಬಿಚ್ಚಿ ಇದೇ ಕೆಲಸ ಮಾಡಬೇಕು. ಆದರೆ ಹಾಕಿದ ಆಯಿಲ್ ಅಷ್ಟನ್ನೂ, ರಂಧ್ರಗಳು ತೆರೆದಿರುವಾಗಲೇ ತಿರುಗಿಸಿ ಹೊರಹಾಕಬೇಕು. ಡೀಸೆಲ್‌ನ ಕಂಪ್ರೆಷನ್ ಅನುಪಾತ 16ರಿಂದ 22ರಷ್ಟು ಇರುವುದರಿಂದ ಪಿಸ್ಟನ್ ಮೇಲೆ ಉಳಿಯುವ ಜಾಗ ಬಹಳ ಕಡಿಮೆ. ದ್ರವ ಉಳಿದರೆ ರಾಡ್ ಬಾಗುತ್ತದೆ, ಇಲ್ಲವೇ ಆ ಆಯಿಲ್ಲೇ ಇಂಧನವಾಗಿ ಉರಿದು ಎಂಜಿನ್ ಹಿಡಿತ ತಪ್ಪಿ ಓಡುತ್ತದೆ.

## ಹಂತ 4: ಪ್ರತಿ ವಾಲ್ವ್ ಕಣ್ಣಾರೆ ನೋಡಿ

ಈ ಹಂತವನ್ನು ಹೆಚ್ಚಿನವರು ಬಿಡುತ್ತಾರೆ. ವಾಲ್ವ್ ಕವರ್ ತೆಗೆದು, ಒಬ್ಬರು ಕ್ರ್ಯಾಂಕ್ ತಿರುಗಿಸುತ್ತಿರುವಾಗ ಇನ್ನೊಬ್ಬರು ಒಂದೊಂದು ರಾಕರನ್ನೂ (ವಾಲ್ವ್ ಒತ್ತುವ ಸಣ್ಣ ಸನ್ನೆ) ನೋಡಿ. ಎಲ್ಲ ವಾಲ್ವ್‌ಗಳೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಚಲಿಸಿ, ಪೂರ್ತಿ ಮುಚ್ಚಿಕೊಳ್ಳಬೇಕು. ಸ್ಪ್ರಿಂಗ್ ಒತ್ತಿದ ಸ್ಥಿತಿಯಲ್ಲೇ ಉಳಿದು, ಪುಶ್‌ರಾಡ್ ಸಡಿಲವಾಗಿ ಅಲುಗಾಡಿದರೆ ವಾಲ್ವ್ ತಾನು ಜಾರುವ ಕೊಳವೆಯಲ್ಲಿ, ಅಂದರೆ ಗೈಡಿನಲ್ಲಿ, ಸಿಕ್ಕಿದೆ ಎಂದರ್ಥ.

ಸಿಕ್ಕ ವಾಲ್ವ್ ಕಾಂಡಕ್ಕೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಕಾಯಿರಿ. ಆಮೇಲೆ ಆ ಸಿಲಿಂಡರಿನ ಪಿಸ್ಟನ್ನನ್ನು ಕೆಳಗಿಳಿಸಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ತುದಿಗೆ ಮೆಲ್ಲಗೆ ತಟ್ಟಿ. ಪಿಸ್ಟನ್ ಮೇಲಿರುವಾಗ ತಟ್ಟಿದರೆ ವಾಲ್ವ್ ತಲೆ ಬಾಗುತ್ತದೆ. ಸ್ಪ್ರಿಂಗ್ ಅದನ್ನು ‘ಟಪ್’ ಎಂದು ತಾನೇ ಹಿಂದಕ್ಕೆ ಎಳೆಯುವವರೆಗೂ ಆಯಿಲ್ ಮತ್ತು ತಟ್ಟುವಿಕೆ ಮುಂದುವರಿಯಲಿ. ಕವರ್ ಮುಚ್ಚುವ ಮೊದಲು ರಾಕರ್, ಸ್ಪ್ರಿಂಗ್‌ಗಳ ಮೇಲೆ ಧಾರಾಳವಾಗಿ ಹೊಸ ಆಯಿಲ್ ಸುರಿಯಿರಿ.

## ಹಂತ 5: ಕಿಡಿ ಇಲ್ಲದೆ ಆಯಿಲ್ ಏರಿಸಿ, ಕಂಪ್ರೆಷನ್ ಅಳೆಯಿರಿ

ಬೇರಿಂಗ್‌ಗಳಲ್ಲಿದ್ದ ಆಯಿಲ್ ಎಂದೋ ಇಳಿದುಹೋಗಿದೆ. ಆಯಿಲ್ ಪಂಪನ್ನು ಡಿಸ್ಟ್ರಿಬ್ಯೂಟರ್ ಕೆಳಗಿನ ದಂಡ ತಿರುಗಿಸುವ ಎಂಜಿನ್‌ಗಳಲ್ಲಿ, ರೋಟರ್ ಯಾವ ಕಡೆಗಿದೆ ಎಂದು ಗುರುತು ಹಾಕಿ ಡಿಸ್ಟ್ರಿಬ್ಯೂಟರ್ ಎತ್ತಿ, ಪ್ರೈಮಿಂಗ್ ಟೂಲ್ ಇಳಿಸಿ ಡ್ರಿಲ್‌ನಿಂದ ಪಂಪ್ ತಿರುಗಿಸುವುದು ಅತ್ಯುತ್ತಮ. ಷೆವರ್ಲೆ ಸ್ಮಾಲ್ ಬ್ಲಾಕ್ ವಿ8ಕ್ಕೆ ಗಡಿಯಾರದ ದಿಕ್ಕಿಗೆ, ಫೋರ್ಡ್ 302ಕ್ಕೆ ವಿರುದ್ಧ ದಿಕ್ಕಿಗೆ. ಷೆವರ್ಲೆಗೆ ಬರೀ ಸಪೂರ ಕಡ್ಡಿಯ ಟೂಲ್ ಸಾಲದು, ಡಿಸ್ಟ್ರಿಬ್ಯೂಟರ್ ಮೈಯಂತೆ ಆಯಿಲ್ ದಾರಿಯನ್ನು ಮುಚ್ಚುವ ಕಾಲರ್ ಇರಬೇಕು. ಇಲ್ಲದಿದ್ದರೆ ಆಯಿಲ್ ಅಲ್ಲೇ ಸೋರಿ, ಪುಶ್‌ರಾಡ್ ಎತ್ತುವ ಲಿಫ್ಟರ್‌ಗಳಿಗೆ ತಲುಪುವುದಿಲ್ಲ. ಆಯಿಲ್ ಏರಿದಾಗ ಡ್ರಿಲ್ ಭಾರವಾಗುತ್ತದೆ, ಗೇಜ್ ಮುಳ್ಳು ಏಳುತ್ತದೆ, ರಾಕರ್‌ಗಳಲ್ಲಿ ಆಯಿಲ್ ಒಸರುತ್ತದೆ.

ಉಳಿದ ಎಂಜಿನ್‌ಗಳಲ್ಲಿ ಸೆಲ್ಫ್‌ನಿಂದಲೇ ಏರಿಸಬೇಕು. ಪೂರ್ತಿ ಚಾರ್ಜ್ ಆದ, 12.6 ವೋಲ್ಟ್ ತೋರಿಸುವ ಬ್ಯಾಟರಿ ಈಗ ಕಟ್ಟಿ. ಎಂಜಿನ್ ಮತ್ತು ಚಾಸಿ ನಡುವಿನ ಅರ್ಥ್ ಪಟ್ಟಿಯ ಎರಡೂ ತುದಿ ಉಜ್ಜಿ ಹೊಳಪು ಬರಿಸಿ. ಪ್ಲಗ್‌ಗಳು ಹೊರಗೇ ಇರಲಿ, ಕಾಯಿಲ್ ವೈರ್ ಕಳಚಿ. ಹತ್ತು ಸೆಕೆಂಡ್ ತಿರುಗಿಸಿ, ಒಂದೆರಡು ನಿಮಿಷ ಸೆಲ್ಫ್ ಆರಲು ಬಿಡಿ. ಆರೇಳು ಸಲಕ್ಕೂ ಗೇಜ್ ಏಳದಿದ್ದರೆ ಅಲ್ಲಿಗೇ ನಿಲ್ಲಿಸಿ. ಪಂಪ್ ಒಣಗಿದೆ ಅಥವಾ ಜಾಲರಿ ಕಟ್ಟಿದೆ. ಸ್ಟಾರ್ಟ್ ಆದ ಮೇಲೆ ಸರಿಹೋಗಬಹುದು ಎಂಬ ಆಸೆಯೇ ಬೇರಿಂಗ್ ತಿನ್ನುವುದು.

ಬ್ಯಾಟರಿ ಹೇಗೂ ಕಟ್ಟಿದೆ, ಪ್ಲಗ್ ಹೊರಗಿದೆ, ಕಂಪ್ರೆಷನ್ ಈಗಲೇ ನೋಡಿ. ಥ್ರಾಟಲ್ ಪೂರ್ತಿ ತೆರೆದು, ಪ್ರತಿ ಸಿಲಿಂಡರಿಗೆ ಗೇಜ್ ಮುಳ್ಳು ಐದಾರು ಸಲ ಜಿಗಿಯುವಷ್ಟು ಸೆಲ್ಫ್ ಹೊಡೆಯಿರಿ. ಹಳೆಯ ಪೆಟ್ರೋಲ್ ಎಂಜಿನ್‌ಗಳಲ್ಲಿ 120ರಿಂದ 160 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ಸಾಮಾನ್ಯ. ಅತಿ ಕಡಿಮೆಯದು ಅತಿ ಹೆಚ್ಚಿನದರ ಶೇಕಡಾ 75ಕ್ಕಿಂತ ಕೆಳಗಿರಬಾರದು ಎಂಬುದು ರೂಢಿಯ ಅಳತೆ. ಆದರೆ ಈ ಮೊದಲ ಓದನ್ನು ನೋಡಿ ಎಂಜಿನ್ ಬಿಚ್ಚಲು ಹೊರಡಬೇಡಿ. ಅಂಟಿದ ರಿಂಗ್‌ಗಳು ಎಂಜಿನ್ ಬಿಸಿಯಾಗಿ ಓಡಿದ ಮೇಲೆ ಬಿಡುವುದುಂಟು. ಸೊನ್ನೆ ಬಂದ ಸಿಲಿಂಡರ್ ಮಾತ್ರ ಬೇರೆ ಮಾತು, ಹಂತ 4ಕ್ಕೆ ಮರಳಿ.

## ಹಂತ 6: ನೀರು

ರೇಡಿಯೇಟರ್ ಹೋಸ್ ಹಿಚುಕಿದಾಗ ಗಟ್ಟಿಯಾಗಿ ಕರಕರ ಎಂದರೆ ಅಥವಾ ಮೆತ್ತಗೆ ಅಂಟಿಕೊಂಡರೆ ಬದಲಿಸಿ. ಥರ್ಮೋಸ್ಟಾಟ್ ಮತ್ತು ಬೆಲ್ಟ್ ಯೋಚಿಸದೆ ಹೊಸದು ಹಾಕಿ. ಬರೀ ನೀರು ತುಂಬಿ, ಪ್ರೆಷರ್ ಟೆಸ್ಟರ್‌ನಿಂದ ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಹದಿನೈದು ನಿಮಿಷ ಬಿಡಿ. ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ, ಬ್ಲಾಕ್ ಬದಿಯ ಕೋರ್ ಪ್ಲಗ್‌ಗಳು (ದುಂಡು ಲೋಹದ ಮುಚ್ಚಳಗಳು), ಹೀಟರ್ ಸೋರಿದರೆ ನೆನೆಯುವ ಸೀಟಿನ ಮುಂದಿನ ಮ್ಯಾಟ್, ಈ ಮೂರು ಕಡೆ ಒದ್ದೆ ನೋಡಿ. ಹೊರಗೆಲ್ಲೂ ಸೋರದೆ ಒತ್ತಡ ಇಳಿಯುತ್ತಿದ್ದರೆ ನೀರು ಎಂಜಿನ್ ಒಳಗೇ ಹೋಗುತ್ತಿದೆ. ಎಲ್ಲ ಸರಿಯಾದ ಮೇಲೆ ಅರ್ಧಕ್ಕರ್ಧ ಕೂಲೆಂಟ್.

## ಹಂತ 7: ಇಂಧನ, ಹಳೆಯದು ಒಂದು ಹನಿಯೂ ಬೇಡ

ಪೆಟ್ರೋಲ್‌ನ ಹಗುರ ಅಂಶ ತಿಂಗಳುಗಳಲ್ಲೇ ಆರಿಹೋಗುತ್ತದೆ, ಉಳಿದದ್ದು ಗೋಂದಾಗುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರಿ, ನೀರು ಮತ್ತು ಎಥೆನಾಲ್ ಬೇರ್ಪಟ್ಟು ತಳಕ್ಕೆ ಕೂತು ಟ್ಯಾಂಕ್ ತಿನ್ನುತ್ತದೆ. ಹಳೆಯದಕ್ಕೆ ಹೊಸದು ಬೆರೆಸಿ ಓಡಿಸಿದರೆ ಎಂಜಿನ್ ಓಡುತ್ತದೆ, ತೊಂದರೆ ಶುರುವಾಗುವುದೇ ಅಲ್ಲಿ. ಗೋಂದು ಇನ್‌ಟೇಕ್ ವಾಲ್ವ್ ಕಾಂಡಗಳ ಮೇಲೆ ಕೂರುತ್ತದೆ. ಬಿಸಿ ಇರುವವರೆಗೂ ಮೆತ್ತಗಿದ್ದು, ತಣಿದ ಮೇಲೆ ಅಂಟಿನಂತೆ ಹಿಡಿಯುತ್ತದೆ. ಮರುದಿನ ಸೆಲ್ಫ್ ಹೊಡೆದಾಗ ವಾಲ್ವ್ ಅಲುಗದೆ ಪುಶ್‌ರಾಡ್ ಬಾಗುತ್ತದೆ. ‘ನಿನ್ನೆ ಚೆನ್ನಾಗಿ ಓಡಿತ್ತು, ಇವತ್ತು ಬಡಿಯುತ್ತಿದೆ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಮೊದಲ ಸ್ಟಾರ್ಟಿಗೆ ಗಾಡಿಯ ಟ್ಯಾಂಕ್ ಬಳಸಲೇಬೇಡಿ. ಮುಚ್ಚಳವಿರುವ ಐದು ಲೀಟರ್ ಕ್ಯಾನ್‌ನಿಂದ ಹೊಸ ಹೋಸ್ ಮೂಲಕ ಪಂಪಿಗೆ ಕೊಡಿ, ಕ್ಯಾನ್ ಎಕ್ಸಾಸ್ಟ್‌ನಿಂದ ದೂರ ನೆಲದ ಮೇಲಿರಲಿ. ಬಾನೆಟ್ ಮೇಲೆ ಬಾಟಲಿ ನೇತುಹಾಕುವ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ, ಗಾಡಿಯನ್ನೂ ಅಷ್ಟೇ ಚೆನ್ನಾಗಿ ಸುಡುತ್ತದೆ. ರಬ್ಬರ್ ಹೋಸ್‌ಗಳನ್ನೆಲ್ಲ ಬದಲಿಸಿ: ಕಾರ್ಬುರೇಟರಿಗೆ ಎಸ್‌ಎಇ 30ಆರ್7, ಇಂಜೆಕ್ಷನ್‌ಗೆ 30ಆರ್9 ಎಂದು ಮುದ್ರಿಸಿರುವುದು.

ಕಾರ್ಬುರೇಟರ್ ಮುಚ್ಚಳ ತೆಗೆದರೆ ಫ್ಲೋಟ್ ಬೌಲ್‌ನಲ್ಲಿ ಬಿಳಿ ಪುಡಿ ಅಥವಾ ಕಂದು ಅಂಟು ಕಾಣುತ್ತದೆ. ಬರೀ ಸ್ಪ್ರೇ ಹೊಡೆದು ಮುಚ್ಚಬೇಡಿ. ಜೆಟ್‌ಗಳನ್ನು ಬಿಚ್ಚಿ, ಗಾಳಿ ಹಾಯಿಸಿ, ಕಿಟ್‌ನ ಹೊಸ ನೀಡಲ್-ಸೀಟ್ (ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಸೂಜಿ) ಮತ್ತು ಆಕ್ಸಿಲರೇಟರ್ ಪಂಪ್ ಕಪ್ ಹಾಕಿ. ನೀಡಲ್ ಅಂಟಿಕೊಂಡರೆ ಪೆಟ್ರೋಲ್ ಉಕ್ಕಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಬೀಳುತ್ತದೆ. ಮೆಕ್ಯಾನಿಕಲ್ ಪಂಪ್ ಅನುಮಾನವಿದ್ದರೆ ಹೊಸದು. ಅದರ ಒತ್ತಡ ಬೇಕಾದ್ದು 4ರಿಂದ 7 ಪಿಎಸ್‌ಐ ಅಷ್ಟೇ.

ಟ್ಯಾಂಕ್ ಕೆಲಸವನ್ನು ಎಂಜಿನ್ ಓಡಿದ ಮೇಲೆ ಬಿಡುವಾಗಿ ಮಾಡಿ. ಕೆಳಗಿಳಿಸಿ, ಬಸಿದು, ಎಲ್‌ಇಡಿ ಟಾರ್ಚ್‌ನಿಂದ ಒಳಗೆ ನೋಡಿ. ತೆಳು ತುಕ್ಕಾದರೆ ಸಿಟ್ರಿಕ್ ಆಮ್ಲದಲ್ಲಿ ನೆನೆಸಿ ತೊಳೆದು ಕೂಡಲೇ ಒಣಗಿಸಿ. ರಂಧ್ರ ಬಿದ್ದಿದ್ದರೆ ಹೊಸ ಟ್ಯಾಂಕ್. ಒಳಗೆ ಬಳಿಯುವ ಸೀಲರ್ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ತುಕ್ಕು ಸ್ವಲ್ಪ ಉಳಿದಿದ್ದರೂ ಸೀಲರ್ ಹಾಳೆ ಹಾಳೆಯಾಗಿ ಎದ್ದು ಪೈಪ್ ಕಟ್ಟುತ್ತದೆ. ಖಾಲಿ ಟ್ಯಾಂಕನ್ನು ವೆಲ್ಡಿಂಗ್ ಮಾಡಿಸಲು ಹೋಗಬೇಡಿ, ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಟ್ಯಾಂಕೇ ಸ್ಫೋಟಕ.

## ಹಂತ 8: ಕಿಡಿ

ಪಾಯಿಂಟ್ (ಕಾಯಿಲ್‌ನ ವಿದ್ಯುತ್ತನ್ನು ತೆರೆದು ಮುಚ್ಚುವ ಸಣ್ಣ ಸ್ವಿಚ್) ಇರುವ ಇಗ್ನಿಷನ್‌ನಲ್ಲಿ ಕಿಡಿ ಬಾರದಿರಲು ಮೊದಲ ಕಾರಣ ಪಾಯಿಂಟ್ ಮೇಲಿನ ತೆಳು ಆಕ್ಸೈಡ್ ಪೊರೆ. ಪಾಯಿಂಟ್ ಫೈಲ್‌ನಿಂದ ಉಜ್ಜಿ, ಸ್ಪಿರಿಟ್ ಹಚ್ಚಿದ ಬಿಳಿ ರಟ್ಟು ನಡುವೆ ಎಳೆಯಿರಿ. ಗ್ಯಾಪ್ ಸಾಮಾನ್ಯವಾಗಿ 0.4 ಮಿಮೀ ಆಸುಪಾಸು. ಕ್ಯಾಪ್, ರೋಟರ್ ಒಳಗಿನ ಹಸಿರು ಕಿಲುಬು ಕೆರೆಯಿರಿ. ಹೊಸ ಪ್ಲಗ್‌ಗೆ 0.8ರಿಂದ 0.9 ಮಿಮೀ. ಕಿಡಿ ಪರೀಕ್ಷೆಯನ್ನು ತೆರೆದ ಪ್ಲಗ್ ರಂಧ್ರದ ಬಳಿ ಮಾಡಬೇಡಿ. ಇಗ್ನಿಷನ್ ಆನ್ ಇಟ್ಟು ಬೇರೆ ಕೆಲಸಕ್ಕೂ ಹೋಗಬೇಡಿ, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ ಕಾಯಿಲ್ ಸುಡುತ್ತದೆ.

## ಹಂತ 9: ಮೊದಲ ಸ್ಟಾರ್ಟ್

ಗಾಡಿ ಬಯಲಲ್ಲಿರಲಿ, ಮುಚ್ಚಿದ ಶೆಡ್ಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಇಬ್ಬರು ಬೇಕು: ಒಬ್ಬರು ಕೀ ಬಳಿ ಗೇಜ್ ನೋಡುತ್ತ, ಇನ್ನೊಬ್ಬರು ಅಗ್ನಿಶಾಮಕ ಹಿಡಿದು ಎಂಜಿನ್ ಪಕ್ಕದಲ್ಲಿ, ಮುಖ ಕಾರ್ಬುರೇಟರ್ ಮೇಲೆ ಬಾಗಿಸದೆ. ಬಾಯಿಗೆ ಪೆಟ್ರೋಲ್ ಸುರಿಯುವ ಬದಲು ಬೌಲ್‌ನ ಗಾಳಿ ರಂಧ್ರದಿಂದ ಸಿರಿಂಜ್‌ನಲ್ಲಿ 50 ಮಿಲಿ ತುಂಬಿ, ಏರ್ ಕ್ಲೀನರ್ ಕೂರಿಸಿ. ಈಥರ್ ಸ್ಪ್ರೇ ಬೇಡ. ಗ್ಲೋ ಪ್ಲಗ್ ಇರುವ ಡೀಸೆಲ್‌ಗಂತೂ ಅದು ಸ್ಫೋಟವೇ ಸರಿ.

ಸ್ಟಾರ್ಟ್ ಆದ ಕೂಡಲೇ ಆಯಿಲ್ ಗೇಜ್ ನೋಡಿ. ಐದರಿಂದ ಹತ್ತು ಸೆಕೆಂಡಿನಲ್ಲಿ ಒತ್ತಡ ಕಾಣದಿದ್ದರೆ ಆರಿಸಿ. ಕಂಡರೆ 1200ರಿಂದ 1500 ಆರ್‌ಪಿಎಂನಲ್ಲಿ ಹಿಡಿದು ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ಬಿಸಿಯಾದಂತೆ ಮೇಲಿನ ಹೋಸ್ ಮುಟ್ಟಿ ಥರ್ಮೋಸ್ಟಾಟ್ ತೆರೆಯಿತೇ ಗಮನಿಸಿ. ಬ್ಯಾಟರಿ ತುದಿಯಲ್ಲಿ 13.8ರಿಂದ 14.4 ವೋಲ್ಟ್ ಇದ್ದರೆ ಚಾರ್ಜ್ ಆಗುತ್ತಿದೆ.

ಸಿಲಿಂಡರಿಗೆ ಹಾಕಿದ ಆಯಿಲ್ ಉರಿಯುವ ನೀಲಿ-ಬಿಳಿ ಹೊಗೆ ಮೊದಲ ಕೆಲವು ನಿಮಿಷ ದಟ್ಟವಾಗಿಯೇ ಬರುತ್ತದೆ, ಗಾಬರಿ ಬೇಡ. ಟ್ಯಾಪೆಟ್‌ನ ಟಿಕ್ ಟಿಕ್ ಸದ್ದೂ ಆಯಿಲ್ ತುಂಬಿದಂತೆ ಇಳಿಯುತ್ತದೆ. ಕೂಡಲೇ ಆರಿಸಬೇಕಾದ್ದು ಇವಕ್ಕೆ: ಕೆಳಗಿನಿಂದ ಬರುವ ದಪ್ಪ ಬಡಿತ, ಬಿಸಿಯಾದ ಮೇಲೂ ನಿಲ್ಲದ ಸಿಹಿ ವಾಸನೆಯ ಬಿಳಿ ಹೊಗೆ, ಕುಸಿಯುವ ಆಯಿಲ್ ಒತ್ತಡ, ಪೆಟ್ರೋಲ್ ಸೋರಿಕೆ.

## ಹಂತ 10: ಆರಿಸಿದ ಮೇಲೆ

ಬಿಸಿ ಇರುವಾಗಲೇ ಆಯಿಲ್ ಬಸಿದು ಫಿಲ್ಟರ್ ಬದಲಿಸಿ. ಒಳಗಿನ ತುಕ್ಕು, ಅಂಟು, ತೇವ ಈಗ ಆಯಿಲ್‌ನಲ್ಲಿ ತೇಲುತ್ತಿವೆ, ತಣಿದರೆ ಮತ್ತೆ ತಳ ಸೇರುತ್ತವೆ. ಹೊಸ ಆಯಿಲ್ಲನ್ನೂ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬದಲಿಸಿ.

ಮರುದಿನ ಬೆಳಿಗ್ಗೆ ನೇರ ಕೀ ತಿರುಗಿಸಬೇಡಿ. ವಾಲ್ವ್ ಕವರ್ ತೆಗೆದು, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ತಣಿದ ವಾಲ್ವ್‌ಗಳು ಮುಚ್ಚಿಕೊಳ್ಳುತ್ತಿವೆಯೇ ನೋಡಿ. ಗೋಂದಿನ ಹಿಡಿತ ಇದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ, ಪುಶ್‌ರಾಡ್ ಉಳಿಯುತ್ತದೆ. ಆಮೇಲೆ ಕಂಪ್ರೆಷನ್ ಮತ್ತೊಮ್ಮೆ ಅಳೆದು ಮೊದಲ ಓದಿನ ಪಕ್ಕ ಬರೆದಿಡಿ. ಏರಿದ್ದರೆ ರಿಂಗ್ ಬಿಡುತ್ತಿವೆ, ಹೀಗೇ ಇನ್ನಷ್ಟು ಹೊತ್ತು ಓಡಿಸಬಹುದು.

ಎಂಜಿನ್ ಓಡಿತೆಂದು ಗೇರ್ ಹಾಕಲು ಹೋಗುವ ಮುನ್ನ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿಲ್ಲವೇ ನೋಡಿ. ಹಿಂದಿನ ಚಕ್ರಗಳು ಸ್ಟ್ಯಾಂಡ್ ಮೇಲಿರುವಾಗ, ಎಂಜಿನ್ ಆರಿಸಿ, ಕ್ಲಚ್ ಒತ್ತಿ, ಗೇರ್ ಹಾಕಿ, ಒಂದು ಚಕ್ರ ಅಲುಗದಂತೆ ಹಿಡಿಸಿ ಇನ್ನೊಂದನ್ನು ಕೈಯಿಂದ ತಿರುಗಿಸಿದರೆ ಗೊತ್ತಾಗುತ್ತದೆ: ಸರಾಗ ತಿರುಗಿದರೆ ಕ್ಲಚ್ ಬಿಟ್ಟಿದೆ, ಇಲ್ಲದಿದ್ದರೆ ಅಂಟಿದೆ. ಬ್ರೇಕ್ ಹೋಸ್, ವೀಲ್ ಸಿಲಿಂಡರ್, ಬ್ರೇಕ್ ಫ್ಲೂಯಿಡ್ ಬದಲಾಗುವವರೆಗೆ ಗಾಡಿ ಆ ಸ್ಟ್ಯಾಂಡ್‌ಗಳ ಮೇಲೇ ಇರಲಿ.